ಅಕ್ಕ ಬಿಟ್ಟ ಜಾಗ

ನನ್ನ ಹಿರಿಯ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ತೀರಿಕೊಂಡು ಮೂರು ವರ್ಷವಾದ ಮೇಲೆ ಅವಳ ದನಿಯನ್ನು ರಿಪೇರಿಗೆ ಕೊಡಲು ನಾನು ಬಾಗಲಕೋಟೆಗೆ ಹೋದೆ. ರಿಪೇರಿ ಅನ್ನಬಾರದಂತೆ, ಮಾಸ್ಟರಿಂಗ್ ಅನ್ನಬೇಕಂತೆ. ರೆಕಾರ್ಡ್ ಮಾಡಿದ ಹಾಡನ್ನು ಕೊನೆಯದಾಗಿ ಒಪ್ಪ ಮಾಡುವ ಕೆಲಸ ಅದು. ದನಿ ಸಣ್ಣದಾದಲ್ಲಿ ಎತ್ತಿ, ಕಿವಿಗೆ ಚುಚ್ಚುವಲ್ಲಿ ಇಳಿಸಿ, ಮೊಬೈಲಿಗೆ ಹಾಕಿದರೂ ಮದುವೆ ಮನೆಯ ದೊಡ್ಡ ಸ್ಪೀಕರ್ ಬಾಕ್ಸಿಗೆ ಹಾಕಿದರೂ ಒಂದೇ ಹದಕ್ಕೆ ಕೇಳುವಂತೆ ಮಾಡುತ್ತಾರೆ. ಮೂವತ್ತು ವರ್ಷ ಮಕ್ಕಳ ನೋಟುಪುಸ್ತಕ ತಿದ್ದಿದ ನನಗೆ ಇದು ಬೇಗ ಅರ್ಥವಾಯಿತು.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳ ಮನೆ ಹುನಗುಂದದಲ್ಲಿ, ನಮ್ಮದು ಇಳಕಲ್ಲಿನಲ್ಲಿ. ಮದುವೆ, ಬಸುರಿಯ ಕುಬಸ, ತೊಟ್ಟಿಲು, ಎಲ್ಲಿ ಸೋಬಾನ ಹಾಡಬೇಕಾದರೂ ನಮ್ಮಿಬ್ಬರನ್ನು ಕರೆಯುತ್ತಿದ್ದರು. ಸೋಬಾನ ಒಬ್ಬಳೇ ಕುಳಿತು ಹಾಡುವ ಹಾಡಲ್ಲ. ಒಬ್ಬಳು ಸಾಲು ಎತ್ತಬೇಕು, ಇನ್ನೊಬ್ಬಳು ಅದೇ ಸಾಲನ್ನು ತಿರುಗಿ ಹೇಳಬೇಕು. ಹೀಗೆ ಕೆಲವು ಸಾಲು ಕೂಡಿದರೆ ಒಂದು ನುಡಿ. ಎತ್ತುವವಳು ಅಕ್ಕ, ತಿರುಗಿ ಹೇಳುವವಳು ನಾನು. ನಾನು ಹೇಳುವಷ್ಟು ಹೊತ್ತು ಅವಳಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಸಾಲು ನೆನಪಿಸಿಕೊಳ್ಳಲು ಬಿಡುವು ಸಿಗುತ್ತದೆ. ಹಾಗಾಗಿ ಅವಳ ಹಾಡನ್ನು ನಡೆಸುವವಳು ನಾನೇ ಎಂಬ ಜಂಬ ನನಗಿತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದೆ.

“ಯಕ್ಕಾ, ನಾ ಇಲ್ಲಂದ್ರ ನೀ ಎರಡನೇ ನುಡಿಗೇ ಕುಂತಬಿಡ್ತಿದ್ದಿ.”

“ಹೌದು ಬಿಡವಾ, ಸಾಲಿ ಟೀಚರು ಹೇಳಿದ ಮ್ಯಾಲ ಮುಗೀತು.”

ನನ್ನ ಮೂಗು, ನನ್ನ ರೊಟ್ಟಿ, ನನ್ನ ಸಿಟ್ಟು ಎಲ್ಲವನ್ನೂ ಆಡಿಕೊಳ್ಳುವ ಅವಳು ನನ್ನ ಹಾಡನ್ನು ಮಾತ್ರ ಒಮ್ಮೆಯೂ ಆಡಿಕೊಳ್ಳಲಿಲ್ಲ. ನನ್ನ ಮನೆಯವರು ತೀರಿಕೊಂಡ ಮೇಲೆ, ಗಂಡ ಸತ್ತವಳು ಅರಿಷಿಣದ ಮುಂದೆ ಕೂರುವುದೇ ಎಂದು ಕೆಲವರು ಗೊಣಗಿದರು. “ಆಕಿ ಬರಲಿಲ್ಲಂದ್ರ ನಾನೂ ಬರೂದಿಲ್ಲ” ಅಂದಳು ಅಕ್ಕ. ಗೊಣಗುವುದು ನಿಂತಿತು. ಅಕ್ಕ ಹೋದ ಮೇಲೆ ಹಾಡಿಗೆ ನನ್ನನ್ನು ಯಾರೂ ಕರೆದಿಲ್ಲ.

ನೌಕರಿಯ ಕೊನೆಯ ಮೂರು ವರ್ಷ ನನ್ನನ್ನು ಬಾದಾಮಿ ಹತ್ತಿರದ ಚೊಳಚಗುಡ್ಡಕ್ಕೆ ವರ್ಗ ಮಾಡಿದರು. ಮಕ್ಕಳಿಲ್ಲದ ನನಗೆ ಒಂದು ಬಾಡಿಗೆ ಕೋಣೆ, ಒಂದು ಗ್ಯಾಸಿನ ಒಲೆ, ಒಂದು ಮಂಚ ಸಾಕಾಗಿತ್ತು. ಅಲ್ಲಿನ ಬನಶಂಕರಿ ಗುಡಿಗೆ ಬಂದ ಜನರ ಗದ್ದಲ ಬಾಗಿಲ ಹೊರಗೇ ಹೋಗುತ್ತಿತ್ತು. ಶಾಲೆ ಬಿಟ್ಟ ಮೇಲೆ ಮರುದಿನ ಗಂಟೆ ಬಾರಿಸುವ ತನಕ ನನ್ನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಒಂದು ಸಂಜೆ ಫೋನಿನಲ್ಲಿ ಅಕ್ಕನ ಮುಂದೆ ಅತ್ತುಬಿಟ್ಟೆ. ಮರುದಿನ ಅವಳು ಮೊಬೈಲಿಗೆ ಒಂದು ಹಾಡು ಕಳಿಸಿದಳು. ಒಂದು ಸಾಲು ಹಾಡಿ ಸುಮ್ಮನಾಗಿದ್ದಾಳೆ, ಸ್ವಲ್ಪ ಹೊತ್ತಿಗೆ ಮುಂದಿನ ಸಾಲು. ರೆಕಾರ್ಡಿಂಗ್ ಕೆಟ್ಟಿದೆ ಎಂದು ಫೋನ್ ಮಾಡಿದೆ.

“ಕೆಟ್ಟಿಲ್ಲವಾ. ನಿನ್ನ ಜಾಗಾ ಬಿಟ್ಟೇನಿ. ಅಲ್ಲೇ ಕುಂತು ಹಾಡ್ಕೋ.”

ಹಾಗೆ ಹನ್ನೊಂದು ಹಾಡು ಬಂದವು. ಚಹಾ ಕುಡಿದು, ಬಾಗಿಲು ಮುಂದಕ್ಕೆಳೆದು, ಮಂಚದ ಮೇಲೆ ಕುಳಿತು ಅವಳ ಜೊತೆ ಹಾಡುತ್ತಿದ್ದೆ. ಆ ಮೂರು ವರ್ಷ ನಾನು ದಾಟಿದ್ದು ಹಾಗೆ. ನಾನು ನಿವೃತ್ತಳಾಗಿ ಇಳಕಲ್ಲಿಗೆ ಮರಳಿದ ವರ್ಷವೇ ಅಕ್ಕ ಹೋದಳು.

ಈ ವರ್ಷ ಅವಳ ಮೊಮ್ಮಗಳ ಮದುವೆ ಗೊತ್ತಾಯಿತು. ಹುಡುಗಿಯೇ ಫೋನ್ ಮಾಡಿ, “ಸಣ್ಣಾಯಿ, ಆಯಿ ಹಾಡು ನಿನ್ನ ಕಡೆ ಅದಾವಲ್ಲ, ಅರಿಷಿಣದ ದಿನ ಬಾಕ್ಸಿಗೆ ಹಾಕೂಣು” ಅಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಕ್ಕ ಮೊಮ್ಮಗಳ ಅರಿಷಿಣಕ್ಕೆ ಹಾಡುತ್ತಾಳೆ, ಅವಳು ಬಿಟ್ಟ ಜಾಗದಲ್ಲಿ ನಾನು ತಿರುಗಿ ಹೇಳುತ್ತೇನೆ, ಯಾರು ಏನು ಅನ್ನುತ್ತಾರೋ ನೋಡೋಣ. ಆದರೆ ಪಕ್ಕದ ಮನೆಯವರ ಬಾಕ್ಸಿಗೆ ಹಾಕಿ ನೋಡಿದರೆ, ಅಕ್ಕನ ದನಿ ಅವಳ ಅಡುಗೆಮನೆಯ ಫ್ಯಾನಿನ ಸದ್ದಿನೊಳಗೆ ಮುಳುಗಿಹೋಗಿತ್ತು.

ಮೊದಲು ಇಂಟರ್ನೆಟ್ಟಿನಲ್ಲಿ ನೋಡಿದೆ. ಅಲ್ಲಿ ಫೈಲು ಏರಿಸಿದರೆ ಕಂಪ್ಯೂಟರೇ ಐದು ನಿಮಿಷದಲ್ಲಿ ತಿದ್ದಿ ಕೊಡುತ್ತದೆ, ಅದೂ ಬಲು ಅಗ್ಗಕ್ಕೆ. ಆದರೆ ಅಕ್ಕ ಯಾರು, ಫ್ಯಾನು ಯಾವುದು ಅದಕ್ಕೆ ಗೊತ್ತಾಗಲಿಲ್ಲ. ಎರಡನ್ನೂ ಸಮನಾಗಿ ಎತ್ತಿತು. ಅಕ್ಕ ಬಸ್ ಸ್ಟ್ಯಾಂಡಿನ ಅನೌನ್ಸಿನವಳಂತೆ ಕೇಳಿಸಿದಳು. ಬೆಂಗಳೂರಿನ ಒಂದು ಸ್ಟುಡಿಯೋದವರು ನಯವಾಗಿ ಮಾತಾಡಿದರು, ಆದರೆ ಅವರ ದರ ನನ್ನ ಪಿಂಚಣಿಗೆ ನಿಲುಕುವಂಥದ್ದಲ್ಲ. ಕೊನೆಗೆ ಜೊತೆಗೆ ಕೆಲಸ ಮಾಡಿದ ಮಾಸ್ತರರೊಬ್ಬರು ಬಾಗಲಕೋಟೆಯ ನವನಗರದ ಒಬ್ಬನ ನಂಬರು ಕೊಟ್ಟರು.

ನಲವತ್ತರ ಆಸುಪಾಸಿನ ಮನುಷ್ಯ. ಮೊದಲು ನಾಟಕ ಕಂಪನಿಯಲ್ಲಿ ಮೈಕು ನೋಡಿಕೊಳ್ಳುತ್ತಿದ್ದನಂತೆ. ಈಗ ಮನೆಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಸದ್ದು ಗೋಡೆಗೆ ಬಡಿದು ತಿರುಗಿ ಬರದಿರಲೆಂದು ನಾಲ್ಕೂ ಕಡೆ ಹಳೆಯ ಕೌದಿ ತೂಗುಬಿಟ್ಟಿದ್ದ. ಸ್ಟುಡಿಯೋಗೆ ಬಂದೆನೋ ಬಾಣಂತಿ ಕೋಣೆಗೆ ಬಂದೆನೋ ಎಂದು ನನಗೆ ನಗು ಬಂತು.

“ಒಂದು ಹಾಡು ಪುಕಟ ಮಾಡಿ ಕೊಡ್ತೇನ್ರಿ ಟೀಚರ್ರ. ಮನಿಗೆ ಒಯ್ದು ಮೊಬೈಲ್‌ನಾಗೂ ಕೇಳ್ರಿ, ಬಾಕ್ಸ್‌ನಾಗೂ ಕೇಳ್ರಿ. ಮನಸಿಗೆ ಬಂದ್ರ ಉಳಿದದ್ದು ಕೊಡ್ರಿ.”

ದುಡ್ಡಿನ ಮಾತಿಗಿಂತ ಮೊದಲು ಈ ಮಾತು ಬಂದದ್ದು ನನಗೆ ಹಿಡಿಸಿತು. ಇನ್ನೊಂದು ಹಟವನ್ನೂ ಹಿಡಿದ. ಒಂದು ಫೋನಿನಿಂದ ಇನ್ನೊಂದಕ್ಕೆ ಕಳಿಸುವಾಗ ದನಿ ಸೊರಗುತ್ತದೆ, ಅಕ್ಕನ ಫೋನಿನಲ್ಲಿರುವ ಮೂಲ ರೆಕಾರ್ಡಿಂಗೇ ಬೇಕು ಅಂದ. ಹುನಗುಂದಕ್ಕೆ ಹೋಗಿ ಅಕ್ಕನ ಮಗನಿಂದ ಅವಳ ಹಳೆಯ ಫೋನು ಇಸಿದುಕೊಂಡು ಬಂದೆ. ಕೆಲಸದಲ್ಲಿ ಹಟ ಇರುವವರನ್ನು ಕಂಡರೆ ನನಗೆ ಗೌರವ.

ಒಂದು ವಾರದಲ್ಲಿ ಮೊದಲ ಹಾಡು ಬಂತು. ಫ್ಯಾನು ಇರಲಿಲ್ಲ. ಅಕ್ಕನ ಬಳೆ ಸದ್ದು ಕೂಡ ಕೇಳುವಷ್ಟು ಹತ್ತಿರ ಅಕ್ಕ ಬಂದು ಕುಳಿತಿದ್ದಳು. ಕಣ್ಣು ಮುಚ್ಚಿ, ತಿರುಗಿ ಹೇಳಲು ಬಾಯಿ ತೆರೆದೆ. ಅವಳು ಆಗಲೇ ಎರಡನೇ ಸಾಲಿಗೆ ಹೋಗಿದ್ದಳು. ಮತ್ತೆ ಬಾಯಿ ತೆರೆದೆ, ಮೂರನೆಯದಕ್ಕೆ ಹೋದಳು. ಸಾಲಿನ ಮೇಲೆ ಸಾಲು, ನನಗೆ ಒಂದು ಉಸಿರಿನ ಜಾಗವೂ ಇಲ್ಲ. ಮೈಯೆಲ್ಲ ಉರಿದುಹೋಯಿತು. ಅವನಿಗೆ ಫೋನ್ ಹಚ್ಚಿದೆ.

“ನಡುವ ಖಾಲಿ ಜಾಗಾ ಭಾಳ ಇತ್ರಿ. ಎಲ್ಲಾ ತಗದು ಒಂದಕ್ಕೊಂದು ಕೂಡಿಸೀನ್ರಿ.”

“ಅದು ಖಾಲಿ ಅಲ್ಲಪಾ! ಅಲ್ಲಿ ನಾ ಅದೇನಿ!”

ತಪ್ಪು ನನ್ನದೂ ಇತ್ತು. ಹಾಡು ಕೊಡುವಾಗ ಅದು ಯಾತಕ್ಕೆ, ಹೇಗೆ ಹಾಡುವುದು ಎಂದು ಒಂದು ಮಾತು ಹೇಳಿರಲಿಲ್ಲ. ಕಂಪ್ಯೂಟರಿಗೆ ಗೊತ್ತಾಗದ್ದು ಮನುಷ್ಯನಿಗೆ ತಾನಾಗಿ ಗೊತ್ತಾಗಲಿ ಎಂದುಕೊಂಡಿದ್ದೆ.

ಮರುದಿನವೇ ಬಸ್ಸು ಹತ್ತಿ ಹೋದೆ. ಅವನು ಮೂಲ ರೆಕಾರ್ಡಿಂಗ್ ತೆರೆದ. ಪರದೆಯ ಮೇಲೆ ಅಕ್ಕನ ದನಿ ನಮ್ಮೂರ ಸೀರೆಯ ಸೆರಗಿನ ತೆನೆಗಳಂತೆ ಸಾಲಾಗಿ ನಿಂತಿತ್ತು. ನಡುನಡುವೆ ಬಯಲು. ನಾನು ಕುಳಿತಲ್ಲೇ ಎರಡು ನುಡಿ ತಿರುಗಿ ಹೇಳಿ ತೋರಿಸಿದೆ. ಅವನು ತಲೆಯಾಡಿಸಿ ಬಯಲುಗಳನ್ನೆಲ್ಲ ಮರಳಿ ಕೂಡಿಸುತ್ತ ಹೋದ. ಅರ್ಧಕ್ಕೆ ಕೈ ನಿಲ್ಲಿಸಿದ.

“ಟೀಚರ್ರ, ಇವೆಲ್ಲಾ ಒಂದ ಅಳತಿ ಇಲ್ರಿ. ಮೊದಲ ನುಡಿಯಾಗ ಸಣ್ಣವು, ಮುಂದ ಮುಂದ ದೊಡ್ಡವು ಆಗ್ಯಾವು. ಕಡೀ ನುಡಿಗೆ ಎರಡರಷ್ಟ ಆಗೈತ್ರಿ. ಅವರಿಗೆ ದಮ್ಮಿನ ತ್ರಾಸ ಇತ್ತೇನ್ರಿ?”

ಅಕ್ಕನಿಗೆ ದಮ್ಮು ಇರಲಿಲ್ಲ. ಎರಡು ಕೊಡ ಹೊತ್ತು ಮಾಳಿಗೆ ಹತ್ತುತ್ತಿದ್ದ ಹೆಂಗಸು ಅವಳು. ದಮ್ಮು ನನಗೆ. ಸೀಮೆಸುಣ್ಣದ ಪುಡಿ ಕುಡಿದ ಎದೆ ನನ್ನದು, ನಾಲ್ಕು ನುಡಿ ಆಗುವಷ್ಟರಲ್ಲಿ ನನ್ನ ಸಾಲು ಎಳೆಯುತ್ತದೆ. ಎಳೆಯುತ್ತದೆ ಎಂದು ನನಗೇ ಗೊತ್ತಿರಲಿಲ್ಲ, ಏಕೆಂದರೆ ನಾನು ಮುಗಿಸುವ ಮುಂಚೆ ಅಕ್ಕ ಒಂದು ದಿನವೂ ಮುಂದಿನ ಸಾಲು ಎತ್ತಿರಲಿಲ್ಲ. ಹುನಗುಂದದ ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು, ನನ್ನ ಸಾಲನ್ನು ನನ್ನ ದಮ್ಮಿನ ಸಮೇತ ಮನಸ್ಸಿನಲ್ಲೇ ಹಾಡಿಕೊಂಡು, ಅದು ಮುಗಿದ ಮೇಲೆ ತನ್ನದನ್ನು ಎತ್ತಿದ್ದಾಳೆ. ಇಪ್ಪತ್ತು ವರ್ಷ ಅವಳನ್ನು ನಾನು ನಡೆಸಿದೆ ಎಂದುಕೊಂಡಿದ್ದೆ. ಆ ಕೌದಿಗಳ ನಡುವೆ ನನಗೆ ನಾಚಿಕೆಯಾಯಿತು, ಆಮೇಲೆ ಅಳು ಬಂತು. ಅವನು ಚಹಾ ತರುವ ನೆಪದಲ್ಲಿ ಕೆಳಗೆ ಹೋದ.

ಬಂದವನು ಮೆತ್ತಗೆ ಕೇಳಿದ. “ಬೇಕಾದ್ರ ಇನ್ನಷ್ಟ ಉದ್ದ ಮಾಡ್ತೇನ್ರಿ. ನಿಮಗ ಆರಾಮ ಆಕ್ಕೈತಿ.”

“ಬ್ಯಾಡ. ಆಕಿ ಎಷ್ಟ ಬಿಟ್ಟಾಳೋ ಅಷ್ಟ ಇರಲಿ.”

ಹನ್ನೊಂದು ಹಾಡೂ ಹಾಗೇ ತಯಾರಾದವು. ಎಲ್ಲಿ ದನಿ ಚುಚ್ಚುತ್ತದೆ ಎಂದು ನಾನು ನಿಮಿಷ, ಸೆಕೆಂಡಿನ ಸಮೇತ ಬರೆದು ಕಳಿಸಿದೆ, ಅವನು ಬೇಸರವಿಲ್ಲದೆ ತಿದ್ದಿದ. ಬಯಲುಗಳನ್ನು ಮಾತ್ರ ಕೂದಲೆಳೆಯಷ್ಟೂ ಮುಟ್ಟಲಿಲ್ಲ.

ಅರಿಷಿಣದ ಮುಂಜಾನೆ ಹುನಗುಂದದ ಅಂಗಳದಲ್ಲಿ ಬಾಕ್ಸಿನ ಪಕ್ಕ ನಾನು ಕುಳಿತೆ. ಅಕ್ಕ ಮೊದಲ ಸಾಲು ಎತ್ತಿದಳು. ಮಾತಾಡುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಸಾಲು ಮುಗಿದು ದನಿ ನಿಂತಾಗ, ವೈರು ಸಡಿಲಾಯಿತೆಂದು ಅಕ್ಕನ ಮಗ ಎದ್ದು ಬಂದ. ಅಷ್ಟರಲ್ಲಿ ನಾನು ತಿರುಗಿ ಹೇಳಿದೆ. ಅವನು ವೈರು ಹಿಡಿದುಕೊಂಡೇ ನಿಂತ. ಅಕ್ಕ ಮುಂದಿನ ಸಾಲು ಎತ್ತಿದಳು, ನಾನು ಹೇಳಿದೆ. ನನ್ನನ್ನು ಏಳು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಒಂದು, ಎರಡು, ಐದು ನುಡಿ ಹಾಗೆ ಸಾಗಿದೆವು.

ಆದರೆ ಅಕ್ಕ ಅಳೆದಿದ್ದು ನಾಲ್ಕೈದು ವರ್ಷದ ಹಿಂದಿನ ನನ್ನ ಉಸಿರನ್ನು. ಅದಾದ ಮೇಲೆ ನನ್ನ ಎದೆ ಇನ್ನೂ ಸಣ್ಣದಾಗಿದೆ. ಕಡೆಯ ನುಡಿಯಲ್ಲಿ ನನ್ನ ಸಾಲಿಗೆ ಇನ್ನೂ ಮೂರು ಶಬ್ದ ಬಾಕಿ ಇರುವಾಗ ಅಕ್ಕ ಮುಂದಿನ ಸಾಲು ಎತ್ತಿಬಿಟ್ಟಳು. ಇಷ್ಟು ವರ್ಷದಲ್ಲಿ ಅದೇ ಮೊದಲು.

“ಯಕ್ಕಾ, ಸ್ವಲ್ಪ ತಡಿ” ಅಂದೆ, ಅಷ್ಟು ಜನರ ನಡುವೆ ಬಾಕ್ಸಿನ ಕಡೆ ತಿರುಗಿ.

ಅಕ್ಕ ತಡೆಯಲಿಲ್ಲ.