ಕರಗುವವರೆಗೆ ಕಾಯಲಿಲ್ಲ

ಇದನ್ನು ಬರೆಯಲೆಂದು ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ. ಮೊನ್ನೆ ಮಗಳ ಮನೆಯ ಎ.ಸಿ.ಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಚ್ಚಳ ತೆಗೆದೆ. ಒಳಗೆ ತಂಪು ಮಾಡುವ ಕೊಳವೆಗಳ ಕಾಯಿಲ್ ಮೇಲೆ ಬೆರಳು ದಪ್ಪದ ಮಂಜುಗಡ್ಡೆ, ಹಸಿ ಧೂಳಿನ ಅದೇ ವಾಸನೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಗೋವಾದ ಮಡಗಾಂವಿನ ಒಂದು ಅಂಗಡಿಯಲ್ಲಿ ನಾನು ಎ.ಸಿ. ಮೆಕ್ಯಾನಿಕ್. ಧಾರವಾಡ ಕಡೆಯಿಂದ ಬಂದು ಇಪ್ಪತ್ತು ವರ್ಷವಾಗಿತ್ತು, ಕೊಂಕಣಿ ಚೆನ್ನಾಗಿ ಬರುತ್ತಿತ್ತು. ಆ ತಿಂಗಳು ಎರಡು ಕಡೆ ಕೆಲಸ ಕೆಡಿಸಿದ್ದೆ. ಇನ್ನೊಂದು ದೂರು ಬಂದರೆ ಅಂಗಡಿಗೆ ಬರಲೇಬೇಡ ಎಂದಿದ್ದ ಮಾಲೀಕ. ಬೆಳಗಾದರೆ ಅದೇ ಹೆದರಿಕೆ.

ಎ.ಸಿ. ಕೆಟ್ಟಿದೆಯೆಂದು ಕರೆದಿದ್ದ ಒಂದು ಮನೆಯಲ್ಲಿ ಬಾಗಿಲು ತೆಗೆದವಳು ಮನೆಗೆಲಸದ ಹೆಣ್ಣುಮಗಳು. ಬಾದಾಮಿ ಕಡೆಯವಳು. ಗೋವಾಕ್ಕೆ ಬಂದು ಆರು ತಿಂಗಳು, ಹಿತ್ತಲ ಕೋಣೆಯಲ್ಲೇ ವಾಸ. ಅವಳಿಗೆ ಕೊಂಕಣಿ ಬಾರದು, ಮನೆಯೊಡತಿಗೆ ಕನ್ನಡ ಬಾರದು, ಕೈಸನ್ನೆಯಲ್ಲೇ ಕೆಲಸ ಹೇಳುತ್ತಿದ್ದರು.

"ನಮ್ಮ ಕಡೇದವರೇನ್ರಿ ಅಣ್ಣಾರ? ಚಲೋ ಆತು ಬಿಡ್ರಿ. ಮಾತಿಲ್ದ ನಾಲಿಗಿಗೆ ಜಂಗ ಹಿಡಿದಿತ್ತು!"

ಮುಚ್ಚಳ ತೆಗೆದಾಗ ಮಂಜುಗಡ್ಡೆ ನೋಡಿ ನಕ್ಕಳು. "ಅಯ್ಯ, ಇದಕ್ಕ ಥಂಡಿ ಹತ್ತೇತಲ್ರಿ! ಕೌದಿ ಹೊಚ್ಚೂಣೇನು?"

ಫಿಲ್ಟರಿನಲ್ಲಿ ಧೂಳು ಕಟ್ಟಿ, ಗಾಳಿಯಾಡದೆ ಕಾಯಿಲ್ ಹೆಪ್ಪುಗಟ್ಟಿತ್ತು, ಅಷ್ಟೇ. ಕೂಲಿಂಗ್ ನಿಲ್ಲಿಸಿ, ಬರೀ ಫ್ಯಾನ್ ಬಿಟ್ಟು, ಎರಡು ತಾಸು ಕಾದಿದ್ದರೆ ಸಾಕಿತ್ತು. ಆದರೆ ಇನ್ನೂ ಮೂರು ಮನೆಗಳಿಗೆ ಹೋಗಬೇಕಿತ್ತು. ಸ್ಕ್ರೂಡ್ರೈವರಿನಿಂದ ಕೆರೆಯತೊಡಗಿದೆ.

"ತಡೀರಿ ಅಣ್ಣಾರ, ತಾನ ಕರಗತೈತಿ. ಫ್ರಿಜ್ಜಿನ್ಯಾಗಿನ ಬರ್ಫಕ್ಕ ಚಾಕು ಹಾಕಿದ್ರೂ ಅಮ್ಮಾರು ಬೈತಾರ."

"ನೀ ನನಗ ಕಲಸ್ತೀಯೇನು?" ಅಂದೆ.

ಸುಯ್... ಎಂದು ಸದ್ದಾಯಿತು. ಕಾಯಿಲ್ ತೂತಾಗಿ ಗ್ಯಾಸ್ ಹೊರಬೀಳುತ್ತಿತ್ತು. ಬೆರಳಿನಿಂದ ಒತ್ತಿ ಹಿಡಿದೆ, ಆ ಥಂಡಿಗೆ ಬೆರಳು ಸುಟ್ಟಂತಾಯಿತು. ಸದ್ದು ನಿಲ್ಲುವಷ್ಟರಲ್ಲಿ ಮಹಡಿಯಿಂದ ಒಡತಿ ಇಳಿಯುವ ಹೆಜ್ಜೆ ಕೇಳಿತು. ಸ್ಕ್ರೂಡ್ರೈವರನ್ನು ಚೀಲಕ್ಕೆ ತುರುಕಿದೆ.

ಏನಾಯಿತೆಂದು ಅವರು ಕೊಂಕಣಿಯಲ್ಲಿ ಕೇಳಿದರು. ನಾನೂ ಕೊಂಕಣಿಯಲ್ಲೇ ಹೇಳಿದೆ: ನಾನು ಬರುವ ಮೊದಲೇ ನಿಮ್ಮ ಕೆಲಸದವಳು ಚಾಕು ಹಾಕಿ ತೂತು ಮಾಡಿದ್ದಾಳೆ, ಬೇಕಾದರೆ ಕೇಳುತ್ತೇನೆ, ನೋಡಿ. ಅವಳತ್ತ ತಿರುಗಿ ಕನ್ನಡದಲ್ಲಿ ಕೇಳಿದೆ: "ದಿನಾ ಈ ಖೋಲಿ ಒರಸಾಕಿ ನೀನ ಅಲ್ಲೇನು?"

"ಹೌದ್ರಿ ಅಣ್ಣಾರ, ನಾನರಿ." ಒಡತಿಯ ಕಡೆ ನೋಡಿ ಜೋರಾಗಿ ತಲೆಯಾಡಿಸಿದಳು. ಊರ ಕಡೆಯವನು ತನ್ನ ಪರವಾಗಿ ಒಳ್ಳೆಯ ಮಾತು ಹೇಳುತ್ತಿದ್ದಾನೆಂದು ತಿಳಿದಳೋ ಏನೋ... ನಗುತ್ತಲೇ ಇದ್ದಳು.

ವಾರದ ಮೇಲೆ ಹೊಸ ಕಾಯಿಲ್ ಹಾಕಲು ಹೋದಾಗ ಹೊಸ ಕೆಲಸದವಳು ಬಾಗಿಲು ತೆಗೆದಳು. ಹಿತ್ತಲ ಕೋಣೆಗೆ ಬೀಗ. ನಾನು ಕೇಳಲಿಲ್ಲ, ಹೊಸಬಳೇ ಹೇಳಿದಳು, ಹಳೆಯವಳನ್ನು ಅದೇ ದಿನ ಹೊರಗೆ ಹಾಕಿದರಂತೆ, ಕುಂಕಳ್ಳಿಯ ಕಾರ್ಖಾನೆಗಳ ಕಡೆ ಹೋದಳಂತೆ.

ನನ್ನ ಕೆಲಸ ಉಳಿಯಿತು. ಹೆದರಿಕೆಯೂ ಉಳಿಯಿತು. ಗೋವಾದಲ್ಲೇ ಇದ್ದರೆ ಅವಳು ಕೊಂಕಣಿ ಕಲಿತಿರುತ್ತಾಳೆ. ಅಂದು ನಾನಾಡಿದ ಒಂದೆರಡು ಮಾತು ಕಿವಿಯಲ್ಲಿ ಉಳಿದಿದ್ದರೆ? ಯಾವುದೋ ಮಧ್ಯಾಹ್ನ ಪಾತ್ರೆ ತಿಕ್ಕುತ್ತಾ ಅದರ ಅರ್ಥ ಹೊಳೆದಿದ್ದರೆ?

ತಪ್ಪೊಪ್ಪಿಕೊಳ್ಳಲು ಒಮ್ಮೆ ಕುಂಕಳ್ಳಿಗೆ ಹೋದೆ. ಪಾಳಿ ಬಿಟ್ಟು ಹೆಂಗಸರು ಹೊರಬರುತ್ತಿದ್ದರು. ಹಿಂದಿನಿಂದ ಯಾರೋ "ಅಣ್ಣಾರ" ಎಂದು ಕೂಗಿದರು. ತಿರುಗಿ ನೋಡಲಿಲ್ಲ. ಹೊರಟಿದ್ದ ಬಸ್ಸಿಗೆ ಓಡಿ ಹತ್ತಿದೆ. ಕರೆದದ್ದು ನನ್ನನ್ನೋ, ಇನ್ನಾರನ್ನೋ... ಮತ್ತೆಂದೂ ಆ ಕಡೆ ಹೋಗಲಿಲ್ಲ.

ಮೊನ್ನೆ ಮಗಳು, "ಅಪ್ಪಾ, ಕೆರದು ತಗದ್ರ ಲಗೂನ ಆಗೂದಿಲ್ಲೇನು?" ಎಂದಳು.

"ತಡಿ, ತಾನ ಕರಗತೈತಿ," ಅಂದೆ. ಅಂದಮೇಲೆ ಅದು ಯಾರ ಮಾತೆಂದು ನೆನಪಾಯಿತು. ಎರಡು ತಾಸು ಅಲ್ಲೇ ಕುಳಿತೆ. ಬಕೆಟ್ಟಿಗೆ ಹನಿ ಹನಿ ನೀರು ಬೀಳುತ್ತಿತ್ತು. ತಪ್ಪಾಯಿತು ಎಂದು ನಾನು ಹೇಳದೆ ಉಳಿದದ್ದು ಒಬ್ಬಳಿಗೆ: ನನ್ನನ್ನು ಅಣ್ಣಾ ಎಂದು ನಂಬಿದ, ನಾನು ಒಮ್ಮೆಯೂ ತಂಗಿ ಎಂದು ಕರೆಯದ, ಬಾದಾಮಿ ಕಡೆಯ ಆ ಹೆಣ್ಣುಮಗಳಿಗೆ.