ರಸಬಾಳೆ ಬೀಗ

ನಂಜನಗೂಡಿನ ನಮ್ಮ ಡಿಟಿಪಿ ಅಂಗಡಿಯಲ್ಲಿ ನಾನೂ ಶಾರದಕ್ಕನೂ ಒಂದೇ ಲಗ್ನಪತ್ರಿಕೆಯ ಫೈಲನ್ನು ಎರಡು ಕಂಪ್ಯೂಟರಲ್ಲಿ ತೆರೆದು ತಿದ್ದುತ್ತಿದ್ದೆವು. ನಾನು ಮದುಮಗಳ ಹೆಸರು ಸರಿಮಾಡಿ ಸೇವ್ ಮಾಡಿದೆ. ಆಮೇಲೆ ಅಕ್ಕ ಮುಹೂರ್ತ ಸರಿಮಾಡಿ ಸೇವ್ ಮಾಡಿದರು. ಅವರ ಪರದೆಯಲ್ಲಿ ಇನ್ನೂ ಹಳೇ ಹೆಸರೇ ಇದ್ದಿದ್ದರಿಂದ ನಾನು ತಿದ್ದಿದ್ದು ಅಳಿಸಿಹೋಯಿತು. ತಪ್ಪು ಹೆಸರಲ್ಲೇ ಅಚ್ಚಾಗುವುದರಲ್ಲಿತ್ತು, ಮದುಮಗಳ ಅಣ್ಣ ಬಂದು ಹಿಡಿದರು. ಅವರು ಕಂಪ್ಯೂಟರ್ ಮೇಷ್ಟ್ರು.

"ಕಂಪ್ಯೂಟರ್ ಹೊಟ್ಟೆಯೊಳಗೆ ಎಲ್ಲಾ ಕೆಲಸ ನಡೆಸೋ ಮೂಲ ಪ್ರೋಗ್ರಾಮು ಇರುತ್ತೆ, ಕರ್ನಲ್ ಅಂತ, ಅಲ್ಲೂ ಇದೇ ಕಾಟ ಕಣ್ರೀ. ಅಲ್ಲಿ ಬೀಗ ಇಡ್ತೀವಿ. ಬೀಗ ಇಸ್ಕೊಂಡೋರು ಮಾತ್ರ ಬರೀಬೇಕು, ಬರೆದ್ಮೇಲೆ ವಾಪಸ್ ಕೊಡ್ಬೇಕು."

ಅಕ್ಕ ಮೇಜಿನ ಮೇಲಿದ್ದ ರಸಬಾಳೆಯನ್ನೇ ಬೀಗ ಅಂದರು. ಹಣ್ಣು ಯಾರ ಕೈಲೋ ಫೈಲು ಅವರದು. ನಾನು ಹಣ್ಣು ಇಸ್ಕೊಂಡು ಹೆಸರು ಸರಿಮಾಡಿದೆ.

ಅಕ್ಕ ಕೈಚಾಚಿದರು. "ಬೀಗ ಕೊಡೋ, ಮುಹೂರ್ತ ಇನ್ನೊಂದ್ಸಲ ನೋಡ್ತೀನಿ."

"ತಿಂದ್ಬುಟ್ಟೆ ಕಣಕ್ಕ."

"ಸಿಪ್ಪೆನಾದ್ರೂ ಕೊಡು."

ಸಿಪ್ಪೆ ಹಿಡಿದೇ ಕೆಲಸ ಮುಗಿಸಿದರು, ಬೈಯಲಿಲ್ಲ. ಮಾರನೇ ದಿನ ಮೇಜಿನ ಮೇಲೆ ಹಾಗಲಕಾಯಿ ಇತ್ತು.