ಬೀಗರು ತಂದ ಚಿಪ್ಪಿನ ಪೆಟ್ಟಿಗೆ

ನನ್ನ ಮೈದುನ ಕುಮಟಾ ಕಡೆಯ ಹುಡುಗಿಯನ್ನು ಮದುವೆಯಾದ. ಅವಳ ಅಪ್ಪ ಅಮ್ಮ ಮೊದಲ ಸಲ ತೆಲುಗು ಗಡಿಯ ಗೌನಿಪಲ್ಲಿಯ ನಮ್ಮ ಮನೆಗೆ ಬಂದದ್ದು ಮಾವಿನ ಕಾಲದಲ್ಲಿ, ಸುಡುಬಿಸಿಲಲ್ಲಿ. ಬೀಗರ ಕೈಯಲ್ಲಿ ಒಂದು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ. ಅದರ ತುಂಬ ಸಮುದ್ರದ ಚಿಪ್ಪು. ಫೋನಿನಲ್ಲಿ ಆಯ್ಸ್ಟರ್ ಅಂತ ತೋರಿಸುತ್ತಾರಲ್ಲ, ಅದು.

“ನಿಮ್ಮಲ್ಲಿ ಇದು ಸಿಗುದಿಲ್ಲ ಅಲ್ದಾ, ಅದ್ಕೇ ತಕಂಡು ಬಂದೆ” ಎಂದರು.

ಹಿಂದಿನ ದಿನ ದಾರಿಯಲ್ಲಿ ಬಸ್ಸು ಕೆಟ್ಟು ಅರ್ಧ ದಿನ ಬಿಸಿಲಲ್ಲೇ ನಿಂತಿತ್ತಂತೆ. ಅಡುಗೆಮನೆಯಲ್ಲಿ ನನ್ನ ವಾರಗಿತ್ತಿ ಮುಚ್ಚಳ ತೆಗೆದಳು. ಐಸೆಲ್ಲ ಕರಗಿ ನೀರು ಬೆಚ್ಚಗಾಗಿತ್ತು. ಬಾಯಿ ಬಿಟ್ಟಿದ್ದ ಒಂದು ಚಿಪ್ಪನ್ನು ಎತ್ತಿಕೊಂಡು ಚಮಚದಿಂದ ತಟ್ಟಿದಳು. ಅದು ಹಾಗೇ ಇತ್ತು.

“ಇದು ಸತ್ತಿದೆ ಅಕ್ಕ. ಬದುಕಿದ್ರೆ ತಟ್ಟಿದ ಕೂಡ್ಲೆ ಬಾಯಿ ಮುಚ್ಕೊಳ್ತದೆ” ಎಂದಳು. ಇನ್ನೊಂದನ್ನು ತಟ್ಟಿದಳು, ಮತ್ತೊಂದನ್ನು ತಟ್ಟಿದಳು. ಅವೂ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಂಡಿದ್ದವನ್ನೂ ಅವಳು ನಂಬಲಿಲ್ಲ. ಅವೂ ಅದೇ ಬೆಚ್ಚನೆಯ ನೀರಿನಲ್ಲಿ ಇದ್ದವಲ್ಲ.

ನಮ್ಮತ್ತೆಗೆ ಜೀವ ತಡೆಯಲಿಲ್ಲ. “ಅಂತ ದೂರಂನಿಂಚಿ ತೆಚ್ಚಿನಾರೇ” ಎಂದು ಮೊದಲು ತೆಲುಗಿನಲ್ಲಿ ಮರುಗಿದರು. ಅಷ್ಟು ದೂರದಿಂದ ಹೊತ್ತು ತಂದಿದ್ದಾರೆ ಅನ್ನುವ ಸಂಕಟ. ಆಮೇಲೆ ಕನ್ನಡಕ್ಕೆ ಬಂದು, “ಚೆನ್ನಾಗಿ ಬೇಯ್ಸಿ ಕಾರ ಜಾಸ್ತಿ ಹಾಕ್ಬಿಡಮ್ಮ, ಏನೂ ಆಗಲ್ಲ” ಎಂದರು.

“ಕೆಟ್ಟಿದ್ದು ಬೇಯ್ಸಿದ್ರೂ ಕೆಟ್ಟದ್ದೇ ಅತ್ತೆ. ಮನೆಮಂದಿಯೆಲ್ಲ ಮಲಗಿಬಿಡ್ತೀವಿ.”

ಹೇಳುವುದೇನೋ ಹೇಳಿದಳು, ಆದರೆ ಮುಖ ಸಣ್ಣಗಾಗಿತ್ತು. ಅಪ್ಪ ಮೊದಲ ಸಲ ಮಗಳ ಮನೆಗೆ ತಂದದ್ದನ್ನು ಮಗಳೇ ಬೇಡವೆನ್ನಬೇಕು. ನಾನು ಹೇಳಲಾ ಎಂದೆ. ಬೇಡವೆಂದು ತಲೆಯಾಡಿಸಿ, ತಾನೇ ಜಗಲಿಗೆ ಹೋಗಿ ಅಪ್ಪನನ್ನು ಕರೆತಂದಳು.

ಬೀಗರು ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದನ್ನು ಮೂಸಿದರು. “ಹೌದು ಮಗಾ. ನಮ್ಮನೆಯಲ್ಲಾಗಿದ್ರೆ ನಾನೇ ಇಷ್ಟೊತ್ತಿಗೆ ಬಿಸಾಡ್ತಿದ್ದೆ. ಪ್ರೀತಿಂದ ತಂದದ್ದಲ್ದಾ, ಮನಸ್ಸು ಬರ್ಲಿಲ್ಲ” ಎಂದರು.

ನಮ್ಮ ಮಾವ ಗುದ್ದಲಿ ತಂದರು. ಬೀದಿನಾಯಿಗಳು ಕೆದಕದ ಹಾಗೆ ಆಳವಾಗಿ ಹೂಳಬೇಕೆಂದು ಇಬ್ಬರೂ ತೋಟದ ಕೊನೆಗೆ ಹೋದರು. ಮದುವೆಯ ದಿನದಿಂದ ಬರೀ ನಮಸ್ಕಾರದಲ್ಲೇ ಇದ್ದ ಬೀಗರಿಬ್ಬರು ವಾಪಸ್ ಬರುವಾಗ ಮೈಯೆಲ್ಲ ಮಣ್ಣು ಮಾಡಿಕೊಂಡು ನಗುತ್ತಿದ್ದರು. ನಾವು ಪಾತ್ರೆ, ನೆಲ, ಕೈ ಎಲ್ಲವನ್ನೂ ಸೋಪು ಹಾಕಿ ತಿಕ್ಕಿ ತೊಳೆದೆವು. ಮಧ್ಯಾಹ್ನ ನಾಟಿಕೋಳಿ ಸಾರು, ಮುದ್ದೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಬೀಗರಿಗೆ ಕಲಿಸುವುದರೊಳಗೆ ಸಾರು ಆರಿಹೋಗಿ ಮತ್ತೆ ಕುದಿಸಬೇಕಾಯಿತು.

ಚಳಿಗಾಲದಲ್ಲಿ ನಾವೆಲ್ಲ ಅವರ ಊರಿಗೆ ಹೋದೆವು. ಆವತ್ತು ಬೆಳಿಗ್ಗೆ ಹಿನ್ನೀರಿನಿಂದ ತಂದ ಚಿಪ್ಪು ಬುಟ್ಟಿಯಲ್ಲಿತ್ತು. ನನ್ನ ಗಂಡ ಉತ್ಸಾಹದಿಂದ ನಿಂಬೆಹಣ್ಣು ಕೊಯ್ದುಕೊಂಡು ಕೂತರು. ಫೋನಿನಲ್ಲಿ ಯಾರೋ ಹಸಿಯಾಗೇ ನುಂಗುವುದನ್ನು ನೋಡಿದ್ದರು.

“ಹಸಿ ಬೇಡ ಭಾವ” ಎಂದಳು ವಾರಗಿತ್ತಿ.

“ನಿಂಬೆಹುಳಿ ಹಿಂಡ್ತೀನಲ್ಲ, ಕ್ರಿಮಿಯೆಲ್ಲ ಸತ್ತೋಗುತ್ತೆ.”

“ರುಚಿ ಬರ್ತದೆ, ರೋಗ ಸಾಯಲ್ಲ. ಮಾವನಿಗಂತೂ ಸಕ್ಕರೆ ಕಾಯಿಲೆ. ಅಂಥವರಿಗೆ ಹಸಿಚಿಪ್ಪು ಜೀವಕ್ಕೇ ಅಪಾಯ. ನೀವು ತಿಂದ್ರೆ ಅವರೂ ಕೇಳ್ತಾರೆ.”

ನಮ್ಮ ಮಾವ ಆಗಲೇ ಕೈ ಚಾಚಿದ್ದರು. ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

ಅವಳ ಅಮ್ಮ ಚಿಪ್ಪುಗಳನ್ನು ಉಜ್ಜಿ ತೊಳೆದು ಹಬೆಯಲ್ಲಿ ಬೇಯಿಸಿದರು. ಬಾಯಿ ತೆರೆದ ಮೇಲೂ ಇನ್ನಷ್ಟು ಹೊತ್ತು ಬಿಟ್ಟರು. ತೆರೆಯದೇ ಉಳಿದವನ್ನು ಬಿಸಾಡಿದರು. ಮಿಕ್ಕದ್ದಕ್ಕೆ ಚಿಪ್ಪಿನ ಸಮೇತ ತೆಂಗಿನಕಾಯಿ ಮಸಾಲೆ ಹಾಕಿ ಮತ್ತೆ ಕುದಿಸಿ, ಬಿಸಿಬಿಸಿಯಾಗಿ ಬಡಿಸಿದರು.

ನನಗೆ ಮೊದಲ ತುತ್ತು ಬರೀ ಉಪ್ಪು ಅನ್ನಿಸಿತು, ಎರಡನೆಯದು ಹಿಡಿಸಿತು. ಅತ್ತೆ “ನನಗೆ ಬರೀ ಸಾರು ಸಾಕು” ಅನ್ನುತ್ತಾ ಶುರುಮಾಡಿದವರು, ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವರ ತಟ್ಟೆಯ ಪಕ್ಕದಲ್ಲಿದ್ದ ಖಾಲಿ ಚಿಪ್ಪಿನ ಗುಡ್ಡೆ ನಮ್ಮೆಲ್ಲರದಕ್ಕಿಂತ ದೊಡ್ಡದಿತ್ತು.